ಮರಳುಗಾಡಿನ ಪದಕ

ಮೇಜರ್ ಮುದ್ದಯ್ಯನಿಗೆ ಬೇಕಾಗಿದ್ದದ್ದು ಹಿಮಾಲಯದಲ್ಲೊಂದು ಪೋಸ್ಟಿಂಗ್. ಹೆಂಡತಿ ಅಲ್ಲಿನ ಸೇನಾ ಆಸ್ಪತ್ರೆಯಲ್ಲಿ ಡಾಕ್ಟರು. ಮದುವೆಯಾದಾಗಿನಿಂದ ಇಬ್ಬರೂ ಒಂದೇ ಊರಿನಲ್ಲಿ ಸಂಸಾರ ಹೂಡಿದ್ದೇ ಇಲ್ಲ. ಅವನು ಪರ್ವತಯುದ್ಧದ ಕೋರ್ಸಿಗೆ ಅರ್ಜಿ ಹಾಕಲು ಹೊರಟಾಗ ಹಿರಿಯರಾದ ಕರ್ನಲ್ ಇನಾಮದಾರ ತಡೆದರು.

"ಹುಚ್ಚೇನೋ ನಿನಗ? ನಾ ಹಿಮದಾಗ ಕಾದಾಡೋದು ಕಲ್ತೆ, ಸಮುದ್ರದ ದಂಡಿಗೆ ಒಗದ್ರು. ಚೀನೀ ಭಾಷಾ ಕಲ್ತಾಂವ ಕ್ಯಾಂಟೀನ್ ನೋಡ್ಕೋತಾನ. ಇಲ್ಲಿ ಓದೋದೊಂದು, ಹಾಕೋದೊಂದು. ನಿನಗ ಗುಡ್ಡ ಬೇಕಂದ್ರ ಮರಳುಗಾಡು ಓದು."

"ಸುಮ್ಮನೆ ಪಾಸಾದ್ರೆ ಸಾಕಾ ಸರ್?"

"ಫಸ್ಟ್ ಬಾ. ಚಲೋ ಓದಿದಷ್ಟೂ ದೂರ ಒಗೀತಾರ."

ಮುದ್ದಯ್ಯ ಒಂದು ವರ್ಷ ಮರಳು ತಿಂದ. ಒಂಟೆಯ ಬೆನ್ನೇರಿದ, ಕಾದ ಟ್ಯಾಂಕಿನೊಳಗೆ ಬೆಂದ, ಚಿನ್ನದ ಪದಕ ಗೆದ್ದ. ಸ್ವೆಟರ್ ತೆಗೆದಿಡು ಎಂದು ಹೆಂಡತಿಗೆ ಫೋನ್ ಮಾಡಿ, ಪೋಸ್ಟಿಂಗ್ ಕೊಡುವ ಬ್ರಿಗೇಡಿಯರ್ ಮುಂದೆ ನಿಂತು ಸೆಲ್ಯೂಟ್ ಹೊಡೆದ.

ಬ್ರಿಗೇಡಿಯರ್ ಎದ್ದು ಬಂದು ಕೈಕುಲುಕಿದರು. "ಕಲಿತದ್ದಕ್ಕೆ ತಕ್ಕ ಕೆಲಸ ಕೊಡಲ್ಲ ಅಂತ ನಮ್ಮನ್ನ ಎಷ್ಟು ಜನ ಬೈದಿದಾರೆ ಗೊತ್ತೇನಯ್ಯಾ? ಇನ್ನು ಆ ಮಾತಿಲ್ಲ. ಹೊಸ ನೀತಿ ಈ ವಾರ ಜಾರಿಗೆ ಬಂದಿದೆ, ಅದರ ಮೊದಲ ಫಲಾನುಭವಿ ನೀನೇ. ಹೊರಡು ಮರಳುಗಾಡಿಗೆ!"

"ಸರ್, ನಾನು... ಫಸ್ಟ್ ಬಂದಿದೀನಿ," ಎಂದು ಮುದ್ದಯ್ಯ ತೊದಲಿದ.

"ಗೊತ್ತು ಮಾರಾಯ, ಅದಕ್ಕೇ ನಿನಗೆ ಆರು ವರ್ಷ ಕೊಟ್ಟಿದೀನಿ. ಉಳಿದವರಿಗೆಲ್ಲ ಮೂರೇ."