ಹತ್ತೊಂಬತ್ತೇ ಸಾಕು

“ಗಂಟೆಗೆ ಎಷ್ಟು ನಿರೀಕ್ಷೆ ಇಟ್ಕೊಂಡಿದೀರಿ?” ಎಂದು ಕೇಳಿದ ಮ್ಯಾನೇಜರ್ ವೆಂಡೆಲ್ ಕ್ರೂಪಾ, ಬಂದ ಉತ್ತರಕ್ಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಹತ್ತೊಂಬತ್ತು ಡಾಲರ್,” ಎಂದಿದ್ದಳು ಹೊಲಿಗೆ ಕೆಲಸ ಕೇಳಿಕೊಂಡು ಬಂದಿದ್ದ ಜೋಲೀನ್ ಸ್ಟ್ಯಾಂಪರ್.

ಅಮೆರಿಕದ ಈರಿ ಸರೋವರದ ದಂಡೆಯ ಆ ಪುಟ್ಟ ಕಾರ್ಖಾನೆಯಲ್ಲಿ ದೋಣಿಗಳಿಗೆ ಹೊದಿಕೆ ಹೊಲಿಯುತ್ತಾರೆ. ಹಿಂದೆ ಈ ಕೆಲಸದಲ್ಲಿದ್ದವಳು, ಗಂಡಸರಿಗಿಂತ ನನಗೆ ಕಡಿಮೆ ಕೊಟ್ಟಿದ್ದಾರೆ ಎಂದು ವಕೀಲರ ನೋಟಿಸು ಕಳಿಸಿ ಕೆಲಸ ಬಿಟ್ಟಿದ್ದಳು. ಅಂದಿನಿಂದ ಮಾಲೀಕರದು ಒಂದೇ ಕಟ್ಟಪ್ಪಣೆ: ಇಪ್ಪತ್ತೆರಡಕ್ಕಿಂತ ಕಡಿಮೆ ಯಾರಿಗೂ ಕೊಡಬಾರದು. ಜೋಲೀನ್ ಹೊಲಿದು ತೋರಿಸಿದ ದಪ್ಪ ಕ್ಯಾನ್ವಾಸನ್ನು ವೆಂಡೆಲ್ ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದ್ದ. ಒಂದು ಎಳೆಯೂ ಸಡಿಲವಾಗಿರಲಿಲ್ಲ. ಇವಳನ್ನು ಬಿಟ್ಟರೆ ಕೆಟ್ಟೆವು ಎಂದು ಆಗಲೇ ತೀರ್ಮಾನಿಸಿದ್ದ.

“ನೋಡಮ್ಮ, ಸಂಕೋಚ ಬೇಡ. ಇಪ್ಪತ್ತೆರಡು ಕೊಡ್ತೀವಿ.”

“ಬೇಡ. ಹತ್ತೊಂಬತ್ತೇ ಸಾಕು.”

“ಸಾಕು ಅನ್ನೋರನ್ನ ಈ ಕುರ್ಚಿ ಇವತ್ತೇ ನೋಡ್ತಿರೋದು.”

ಜೋಲೀನಳ ಮಗ ಕೋಲ್ಟನ್‌ಗೆ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಬೇಕು. ಅದು ಬರುತ್ತಿದ್ದುದು ಬಡವರಿಗೆಂದು ಸರ್ಕಾರ ಕೊಟ್ಟಿರುವ ಆರೋಗ್ಯ ಕಾರ್ಡಿನಿಂದ. ತಾಯಿಯ ತಿಂಗಳ ಸಂಪಾದನೆ, ವಾರಪೂರ್ತಿ ದುಡಿದು ಗಂಟೆಗೆ ಇಪ್ಪತ್ತರಂತೆ ಬರುವ ಮೊತ್ತದ ಗೆರೆ ದಾಟಿತೆಂದರೆ ಸರ್ಕಾರದ ಕಣ್ಣಿಗೆ ಅವರು ಬಡವರಲ್ಲ, ಕಾರ್ಡು ರದ್ದು. ಕಾರ್ಖಾನೆಯಲ್ಲಿ ವಿಮೆ ಇಲ್ಲ. ಹೊರಗೆ ವಿಮೆ ಕೊಳ್ಳಲು ಹೋದರೆ ವೆಂಡೆಲ್ ಏರಿಸುತ್ತಿದ್ದ ಮೂರು ಡಾಲರ್ ಯಾವ ಮೂಲೆಗೂ ಸಾಲದು. ಇಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಆಗುತ್ತಿತ್ತೇನೋ. ಆದರೆ ಕಾಫಿ ಕೊಡುವಾಗಲೇ ವೆಂಡೆಲ್, “ಈಗಿನವರಿಗೆ ದುಡಿಯೋದು ಯಾಕೆ ಬೇಕು, ಸರ್ಕಾರದ ಬಿಟ್ಟಿ ಕಾರ್ಡ್ ಒಂದಿದ್ರೆ ಆಯ್ತು,” ಎಂದು ನಕ್ಕಿದ್ದ. ಕೆಲಸದ ಆಸೆಗೆ ಇವಳೂ ನಕ್ಕಿದ್ದಳು. ನಕ್ಕ ಬಾಯಲ್ಲಿ ಈಗ ಹೇಗೆ ಹೇಳುವುದು? ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ಹಾಗಾದ್ರೆ ಇಪ್ಪತ್ತೆರಡೇ ಇರ್ಲಿ. ಶುಕ್ರವಾರ ರಜಾ ಕೊಡಿ. ಆ ದಿನದ ಸಂಬಳ ಬೇಡ.”

“ಒಳ್ಳೇ ಕತೆ. ಬೇಸಿಗೆ ಬಂತು ಅಂದ್ರೆ ಊರಿನ ದೋಣಿಯೆಲ್ಲ ನಮ್ಮ ಬಾಗಿಲಲ್ಲಿ ನಿಂತಿರ್ತವೆ. ಶನಿವಾರಾನೂ ಬರಬೇಕಾಗುತ್ತೆ. ಚಿಂತೆ ಮಾಡಬೇಡಿ, ಓವರ್‌ಟೈಮ್ ಒಂದೂವರೆ ಪಟ್ಟು.”

ಒಂದೂವರೆ ಪಟ್ಟು ಎಂದದ್ದೇ ತಡ, ಕಾರ್ಡು ಹೋದಂತೆಯೇ ಎಂದು ಅವಳಿಗೆ ಖಚಿತವಾಯಿತು. ಕೈಚೀಲ ತೆಗೆದುಕೊಂಡು ಎದ್ದುಬಿಟ್ಟಳು.

ವೆಂಡೆಲ್‌ಗೆ ಆಗ ಹೊಳೆಯಿತು. ಸಂಬಳ ಕಡಿಮೆ ಮಾಡಿ ಎಂದು ಲೋಕದಲ್ಲಿ ಯಾರಾದರೂ ಕೇಳುತ್ತಾರೆಯೇ? ಇದು ಚೌಕಾಸಿಯ ಹೊಸ ವರಸೆ. ಭಲೇ ಹೆಂಗಸು ಎಂದುಕೊಂಡ.

“ಇಪ್ಪತ್ನಾಲ್ಕು,” ಎಂದ.

ಅವಳು ಬಾಗಿಲು ತೆಗೆದು ಹೊರಟಳು.

ಕಾರಿನಲ್ಲಿ ಹೋಗಿ ಕುಳಿತವಳಿಗೆ ಕೀಲಿ ತಿರುಗಿಸಲು ಕೈ ಬರಲಿಲ್ಲ. ಕಳೆದುಕೊಳ್ಳುತ್ತಿರುವುದು ಒಳ್ಳೆಯ ಕೆಲಸ, ಅದೂ ತನಗೆ ಚೆನ್ನಾಗಿ ಗೊತ್ತಿರುವ ಕೆಲಸ. ಅಷ್ಟರಲ್ಲಿ ವೆಂಡೆಲ್ ಕೋಟು ಕೂಡ ಹಾಕಿಕೊಳ್ಳದೆ ಅರೆಕರಗಿದ ಹಿಮದಲ್ಲಿ ಜಾರುತ್ತ ಓಡಿಬಂದು ಗಾಜು ತಟ್ಟಿದ.

“ಇಪ್ಪತ್ತೈದು. ಮಾಲೀಕರ ಹತ್ರ ನಾನು ಬೈಸ್ಕೋತೀನಿ, ಬಿಡಿ. ಈ ಊರಲ್ಲಿ ಇಷ್ಟು ಯಾರೂ ಕೊಡಲ್ಲ ನಿಮಗೆ.”

ಜೋಲೀನ್ ಗಾಜು ಇಳಿಸಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಒಪ್ಪಿದಳು ಎಂದುಕೊಂಡು ಅವನು ಕೈ ಚಾಚಿದ.

“ತುಂಬ ದುಬಾರಿ ಆಯ್ತು ನನಗೆ,” ಎಂದಳು ಅವಳು. “ಕಮ್ಮಿ ಮಾಡೋ ಮನಸ್ಸಾದ್ರೆ ಫೋನ್ ಮಾಡಿ.”