ಸುಹೈಬ್ ಹೆಸರಿನ ಕಾನೂನು

ಮನೆಗೆ ಬಂದ ಸಂಸದರೆಲ್ಲರೂ ಕಾಫಿ ಕುಡಿದರು. ಶಾಹೆರ್ ಒಬ್ಬ ಮುಟ್ಟಲಿಲ್ಲ.

ರಸ್ಮಿಯಾಗೆ ಮೈ ಉರಿಯಿತು. ಬೇಡಿಕೆ ಹೊತ್ತು ಬಂದವರು ಅದು ಈಡೇರುವವರೆಗೆ ಬಟ್ಟಲು ಮುಟ್ಟುವುದಿಲ್ಲ, ಸರಿ. ಆದರೆ ಅವಳು ಒಪ್ಪಿಯಾಗಿತ್ತಲ್ಲ. ಲಂಚದ ವಿರುದ್ಧ ಬರುವ ಹೊಸ ಕಾನೂನಿಗೆ ಸತ್ತ ಮಗನ ಹೆಸರಿಡಬಹುದು, ಸಂಸತ್ತಿಗೆ ಬಂದು ನಾಲ್ಕು ಮಾತು ಆಡುತ್ತೇನೆ ಎಂದಿದ್ದಳು. ಕುಡಿಯದೆ ಕೂರುವುದೆಂದರೆ ಮನೆಯವರ ಮುಖಕ್ಕೆ ಉಗಿದಂತೆ.

ಶಾಲೆಯ ಮಾಳಿಗೆ ಕುಸಿದು ಸುಹೈಬ್ ಸತ್ತಿದ್ದ. ಅದನ್ನು ಕಟ್ಟಿದ ಗುತ್ತಿಗೆದಾರ ಜೌದತ್ ಜೈಲಿನಲ್ಲಿದ್ದ. ಅವನ ಮೇಲೆ ಕೊನೆಗೆ ಉಳಿದದ್ದು ಲಂಚದ ಮೊಕದ್ದಮೆ ಒಂದೇ. ತೀರ್ಪು ಮುಂದಿನ ವಾರ. ಅವನು ಕಂಬಿಯ ಹಿಂದೆ ಕೊಳೆಯುವುದನ್ನು ಕಣ್ಣಾರೆ ನೋಡಬೇಕು. ಅವಳು ಜೀವ ಹಿಡಿದುಕೊಂಡಿದ್ದದ್ದು ಅದಕ್ಕೇ.

“ಅವಸರ ಬೇಡಮ್ಮ,” ಎಂದ ಶಾಹೆರ್. “ಮೊದಲು ತೀರ್ಪು ಬರ್ಲಿ. ಕಾನೂನು ಆಮೇಲೆ ಮಾಡೋಣ.”

“ಜೌದತ್ ಇವನ ಕುಲದವನೇ, ಸುಹೈಬನ ತಾಯಿ. ರಕ್ತ ಎಳೀತದೆ, ಪಾಪ.”

ಹಾಗೆಂದವನು ಮಸೂದೆ ತಂದಿದ್ದ ತಯ್ಸೀರ್. ಖರ್ಜೂರದ ಬೀಜವನ್ನು ಅವಳ ಬಟ್ಟಲಿಗೇ ಉಗುಳಿ ಬೆರಳು ನೆಕ್ಕಿಕೊಂಡ. ರಸ್ಮಿಯಾಗೆ ಹೇಸಿಗೆಯಾಯಿತು. ಆದರೂ ಅವನು ತನ್ನವನು.

ಶಾಹೆರ್ ಮತ್ತೆ ಬಾಯಿ ತೆರೆದ. ಅವಳು ಬಾಗಿಲು ತೋರಿಸಿದಳು.

“ನನ್ ಮನೇಲಿ ನಿಮ್ ಮಾತು ಬೇಡ. ಎದ್ದೇಳಿ.”

ತೀರ್ಪಿನ ಹಿಂದಿನ ದಿನ ಸಂಸತ್ತಿನಲ್ಲಿ ಸುಹೈಬನ ಫೋಟೊಗೆ ಕಪ್ಪು ಪಟ್ಟಿ ಕಟ್ಟಿಸಿ ಮೈಕಿನ ಪಕ್ಕ ಇಡಿಸಿದ್ದರು. ಅಳುವಾಗ ಈ ಕಡೆ ತಿರುಗಿ, ಮುಖ ಚೆನ್ನಾಗಿ ಕಾಣಬೇಕು ಎಂದು ತಯ್ಸೀರನ ಆಳೊಬ್ಬ ಅವಳ ಗಲ್ಲ ಹಿಡಿದು ತಿರುಗಿಸಿದ. ಅವನ ಬೆರಳಿಗೆಲ್ಲ ಅತ್ತರಿನ ವಾಸನೆ. ಸಹಿಸಿಕೊಂಡಳು. ಅತ್ತಳು. ತೂಕಡಿಸುತ್ತಿದ್ದ ಸದಸ್ಯರು ಎದ್ದು ಕಣ್ಣೊರೆಸಿಕೊಂಡರು. ಮಸೂದೆ ಓದಲು ಸಮಯ ಕೊಡಿ ಎಂದು ಬೆಳಗಿನಿಂದ ಗೊಣಗುತ್ತಿದ್ದವರೂ ಈಗ ನಾಚಿ ಕೈ ಎತ್ತಿದರು.

ಬೇಡ ಎಂದವನು ಶಾಹೆರ್ ಒಬ್ಬನೇ.

ಹೊರಗೆ ಮೆಟ್ಟಿಲ ಮೇಲೆ ಅವಳು ಅವನ ಬೂಟಿನ ಮೇಲೆ ಉಗಿದಳು. ಅವನು ಒರೆಸಿಕೊಳ್ಳಲಿಲ್ಲ.

“ನಾಳೆ ಕೋರ್ಟಿಗೆ ಒಬ್ರೇ ಹೋಗ್ಬೇಡಿ, ತಾಯಿ,” ಎಂದ ಮೆಲ್ಲಗೆ.

ಬೆದರಿಕೆ ಬೇರೆ! ಸಂಜೆಯೇ ಕಾನೂನಿಗೆ ಸಹಿ ಬಿದ್ದ ಸುದ್ದಿ ಬಂತು. ಮಾರನೆಯ ಬೆಳಗ್ಗೆ ಅವಳು ಹಟ ಹಿಡಿದು ಒಬ್ಬಳೇ ಹೋದಳು.

ತಯ್ಸೀರ್ ಮುಂದಿನ ಸಾಲಿನಲ್ಲಿ ಕೂತಿದ್ದ. ತನಗಾಗಿ ಬಂದನಲ್ಲ ಎಂದು ಅವಳು ಎದೆಯ ಮೇಲೆ ಕೈಯಿಟ್ಟು ವಂದಿಸಿದಳು. ಅವನು ನೋಡಲಿಲ್ಲ. ಕಟಕಟೆಯಲ್ಲಿ ಜೌದತ್ ನಿಂತಿದ್ದ; ನುಣ್ಣಗೆ ಕ್ಷೌರ, ಹೊಸ ಕೋಟು, ಥೇಟು ಮದುಮಗ. ಇರಲಿ, ಅವನಿಗೆ ಇವತ್ತೇ ಕೊನೆಯ ಸಿಂಗಾರ.

ನ್ಯಾಯಾಧೀಶರು ಮಗನ ಹೆಸರು ಹೇಳಿದ್ದೇ ಅವಳು ನೆಟ್ಟಗೆ ಕೂತಳು.

“ಸುಹೈಬ್ ಕಾನೂನಿನ ಕೊನೆಯ ಕಲಮಿನಂತೆ, ನಿನ್ನೆಯವರೆಗಿನ ಲಂಚದ ಮೊಕದ್ದಮೆಗಳೆಲ್ಲ ರದ್ದಾಗಿವೆ, ಜೌದತ್ ಮನೆಗೆ ಹೋಗಬಹುದು.”