ತಗ್ಗಿನಲ್ಲೊಂದು ತೂತು

ಚಾವಣಿ ಹೊದಿಸಲು ಬಂದ ಕಿಶೋರ ಹೊಸ ಅಲೆತಗಡಿನ ಪತ್ರಾದ ಮೊದಲ ತೂತನ್ನು ಉಬ್ಬಿನ ಮೇಲೆ ಕೊರೆಯದೆ ತಗ್ಗಿನಲ್ಲಿ ಕೊರೆದದ್ದು ಓಣಿಯಲ್ಲಿ ಹೊರಸಿನ ಮೇಲೆ ಮಲಗಿದ್ದ ಅವ್ವಣ್ಣನಿಗೆ ಕಾಣಿಸಿತು. ಮಳೆನೀರು ಹರಿಯುವುದೇ ತಗ್ಗಿನಲ್ಲಿ. ಅಲ್ಲಿ ಬೋಲ್ಟ್ ಕೂತರೆ ಈ ಆಷಾಢಕ್ಕೇ ಮನೆ ಸೋರುತ್ತದೆ. ಖರಾಡಿಯಿಂದ ಸಾಸವಡದವರೆಗೆ ಇಪ್ಪತ್ತು ವರ್ಷ ಪತ್ರಾ ಹೊದಿಸಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಹೇಳಬೇಕೆಂದರೆ ನಾಲಿಗೆ ಹೊರಳುತ್ತಿರಲಿಲ್ಲ. ಲಕ್ವಾ ಹೊಡೆದು ಎಂಟು ತಿಂಗಳಾಗಿತ್ತು. ಈ ಕೆಲಸಕ್ಕೆಂದು ಬೆಳಿಗ್ಗೆ ಮನೆ ಖಾಲಿ ಮಾಡುವಾಗ ಹೆಂಡತಿ ಯಮನವ್ವ ಪಾತ್ರೆ, ಹಾಸಿಗೆ, ದೇವರ ಫೋಟೋಗಳ ಜೊತೆ ಅವನನ್ನೂ ಹೊರಸಿನ ಸಮೇತ ಹೊರಗೆ ಇಡಿಸಿದ್ದಳು. ಅವನು ಎಡಗೈ ಎತ್ತಿ ಪತ್ರಾದ ಕಡೆ ಬೆರಳು ಆಡಿಸಿದ. ಗಂಟಲಿನಿಂದ ಗೊರಗೊರ ಸದ್ದಷ್ಟೇ ಬಂತು.

"ವೈನಿ, ಅಣ್ಣಾರು ಏನೋ ಅನ್ಲಾಕತ್ತಾರ ನೋಡ್ರಿ," ಎಂದು ಯಮನವ್ವನಿಗೆ ಹೇಳಿ ಕಿಶೋರ ಎರಡನೆಯ ತೂತಿಗೆ ಡ್ರಿಲ್ ಇಟ್ಟ. ಅದೂ ತಗ್ಗಿನಲ್ಲೇ.

ಯಮನವ್ವ ಗಂಡನ ಬೆರಳು ಹೋದತ್ತ ನೋಡಿದಳು. ಹೊಸ ಪತ್ರಾ ಬಿಸಿಲಿಗೆ ಝಗಝಗ ಹೊಳೆಯುತ್ತಿತ್ತು.

"ಬಿಸಲ ಕಣ್ಣಾಗ ಹೊಡಿಲಾಕತ್ತದೇನ್ರಿ? ನನಗ ತಿಳೀಲೇ ಇಲ್ಲ ನೋಡ್ರಿ."

ಅವನ ಕೈಯನ್ನು ಮೆಲ್ಲಗೆ ಮಡಚಿ ಎದೆಯ ಮೇಲಿಟ್ಟಳು. ಹೊರಸನ್ನು ಎಳೆದು, ಅವನ ಮುಖ ಎದುರಿನ ಗೋಡೆಯ ಕಡೆ ಬರುವಂತೆ ತಿರುಗಿಸಿದಳು. "ಈಗ ಆರಾಮ ಆತಲ್ಲ?" ಎಂದು ಹಣೆಯ ಬೆವರು ಒರೆಸಿದಳು.

ಬೆನ್ನ ಹಿಂದೆ ಡ್ರಿಲ್ ಮತ್ತೆ ಶುರುವಾಯಿತು. ಉಬ್ಬಿನ ಮೇಲೆ ಕೊರೆದರೆ ಪತ್ರಾ ಟೊಳ್ಳು ಸದ್ದು ಮಾಡುತ್ತದೆ. ಅವ್ವಣ್ಣ ಗೋಡೆ ನೋಡುತ್ತ, ಆ ಸದ್ದಿಗಾಗಿ ಕಿವಿಗೊಟ್ಟು ಮಲಗಿದ. ಸಂಜೆಯವರೆಗೆ ಒಂದು ಸಲವೂ ಅದು ಬರಲಿಲ್ಲ.